ಯಾವ ದೇಶದವನೂ ಅಲ್ಲದ ಬಾಡಿಗೆ ಸೈನಿಕ: ಎರಿಕ್ ಆಂಬ್ಲರ್‌ನ ‘ಡರ್ಟಿ ಸ್ಟೋರಿ’ ಕುರಿತು ಒಂದು ಟಿಪ್ಪಣಿ

ಎರಿಕ್ ಆಂಬ್ಲರ್ ಎಂದೊಡನೆ ರೋಚಕ ಕಾದಂಬರಿಗಳ ಓದುಗರಿಗೆ ನೆನಪಾಗುವುದು 1939ರ ‘ದ ಮಾಸ್ಕ್ ಆಫ್ ಡಿಮಿಟ್ರಿಯೋಸ್’. 1967ರಲ್ಲಿ ಬಂದ ‘ಡರ್ಟಿ ಸ್ಟೋರಿ’ಗೆ ಆ ಮನ್ನಣೆ ದೊರೆತಿಲ್ಲ. ಅದು ನಗಿಸುವ ಪುಸ್ತಕ, ಜನಪ್ರಿಯವಾದ ಇನ್ನೊಂದು ಪುಸ್ತಕದ ಮುಂದುವರಿಕೆ. ಕಥೆ ಹೇಳುವವನೋ ಯಾರೂ ಮನೆಗೆ ಕರೆಯಲು ಇಷ್ಟಪಡದ ಒಬ್ಬ ಚಿಲ್ಲರೆ ಮೋಸಗಾರ. ಆದರೂ ಈ ಕಾದಂಬರಿಯ ಒಳಗೆ ಒಂದು ಗಟ್ಟಿಯಾದ ವಾದವಿದೆ ಎಂದು ನನಗೆ ಅನ್ನಿಸುತ್ತದೆ. ತನ್ನ ಸದಸ್ಯನೆಂದು ಒಪ್ಪಿಕೊಳ್ಳಲು ಜಗತ್ತು ಒಬ್ಬ ಮನುಷ್ಯನಿಂದ ಕೇಳುವ ಪುರಾವೆಯನ್ನು ಹಡಗಿನಿಂದ ಕೇಳುವುದಿಲ್ಲ, ಕಂಪನಿಯಿಂದಲೂ ಕೇಳುವುದಿಲ್ಲ. ಈ ಎರಡು ಅಳತೆಗಳ ನಡುವೆ ಸಿಕ್ಕಿಬಿದ್ದವನೊಬ್ಬ ಮನಸ್ಸಿಲ್ಲದ ಮನಸ್ಸಿನಿಂದ ಬಂದೂಕು ಹಿಡಿಯುವ ಹಂತಕ್ಕೆ ಹೇಗೆ ತಲುಪುತ್ತಾನೆ ಎಂಬುದನ್ನು ‘ಡರ್ಟಿ ಸ್ಟೋರಿ’ ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತದೆ.

ಕಥೆಗಾರನ ಹೆಸರು ಆರ್ಥರ್ ಅಬ್ದೆಲ್ ಸಿಂಪ್ಸನ್. ಅವನು ಮೊದಲು ಕಾಣಿಸಿಕೊಂಡದ್ದು 1962ರ ‘ದ ಲೈಟ್ ಆಫ್ ಡೇ’ಯಲ್ಲಿ. ತಂದೆ ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೈನ್ಯದವನು, ತಾಯಿ ಈಜಿಪ್ಟಿನವಳು, ಓದಿದ್ದು ಇಂಗ್ಲೆಂಡಿನ ಶಾಲೆಯಲ್ಲಿ. ಅಶ್ಲೀಲ ಪುಸ್ತಕಗಳ ವ್ಯಾಪಾರ, ಸಣ್ಣಪುಟ್ಟ ಕಳ್ಳತನ, ಪ್ರವಾಸಿಗರಿಗೆ ಕಾರು ಓಡಿಸುವುದು, ಅವರಿಗೆ ಬೇಕಾದ ಜಾಗಗಳನ್ನು ತೋರಿಸುವುದು ಅವನ ಕಸುಬುಗಳು. ಅಥೆನ್ಸ್‌ನ ಹೋಟೆಲಿನಲ್ಲಿ ಹಾರ್ಪರ್ ಎಂಬವನ ಟ್ರಾವೆಲರ್ಸ್ ಚೆಕ್ಕುಗಳನ್ನು ಕದಿಯುವಾಗ ಸಿಕ್ಕಿಬೀಳುತ್ತಾನೆ. ಹಾರ್ಪರ್ ಅವನಿಂದ ತಪ್ಪೊಪ್ಪಿಗೆ ಬರೆಸಿಕೊಂಡು, ಒಂದು ಕಾರನ್ನು ಇಸ್ತಾಂಬುಲ್‌ಗೆ ಮುಟ್ಟಿಸಲು ಕಳಿಸುತ್ತಾನೆ. ಟರ್ಕಿಯ ಗಡಿಯಲ್ಲಿ ಅಧಿಕಾರಿಗಳು ಸಿಂಪ್ಸನ್ನನ ಈಜಿಪ್ಟಿನ ಪಾಸ್‌ಪೋರ್ಟ್ ಅವಧಿ ಮುಗಿದಿರುವುದನ್ನು ಕಾಣುತ್ತಾರೆ. ಆಮೇಲೆ ಕಾರಿನ ಬಾಗಿಲುಗಳ ಒಳಗೆ ಅಡಗಿಸಿದ ಆಯುಧಗಳು ಹೊರಬರುತ್ತವೆ. ಈ ಕ್ರಮವನ್ನು ಗಮನಿಸಬೇಕು. ಆಯುಧಗಳಿಂದ ಅವನು ಸಿಕ್ಕಿಬಿದ್ದದ್ದಲ್ಲ, ಕಾಗದದಿಂದ. ಪಾಸ್‌ಪೋರ್ಟ್ ಸರಿಯಿದ್ದಿದ್ದರೆ ಕಾರು ಗಡಿ ದಾಟುತ್ತಿತ್ತು, ಆ ಕಥೆಯೇ ಇರುತ್ತಿರಲಿಲ್ಲ.

ಈ ಕಾದಂಬರಿಯನ್ನು ಜೂಲ್ಸ್ ದಾಸಿನ್ 1964ರಲ್ಲಿ ‘ಟೋಪ್‌ಕಾಪಿ’ ಎಂಬ ಸಿನಿಮಾ ಮಾಡಿದ. ಸಿಂಪ್ಸನ್ನನ ಪಾತ್ರಕ್ಕೆ ಪೀಟರ್ ಉಸ್ತಿನೋವ್ ಪೋಷಕ ನಟನ ಆಸ್ಕರ್ ಪಡೆದ. ಜನರಿಗೆ ಇಂದು ನೆನಪಿರುವುದು ಅರಮನೆಯ ಛಾವಣಿಯಿಂದ ಹಗ್ಗ ಕಟ್ಟಿ ಇಳಿಯುವ ಕಳ್ಳತನದ ದೃಶ್ಯ. ಅದು ನಿಜಕ್ಕೂ ಉಸಿರು ಬಿಗಿಹಿಡಿಸುವ ದೃಶ್ಯವೇ. ಆದರೆ ಸಿನಿಮಾ ಮಾಡಿದ ಇನ್ನೊಂದು ಕೆಲಸವನ್ನು ನಾವು ಮರೆಯಬಾರದು. ಅಲ್ಲಿ ಸಿಂಪ್ಸನ್ನನ ಹೆಸರಿನ ನಡುವಿನ ‘ಅಬ್ದೆಲ್’ ಮಾಯವಾಗಿ ‘ಸೈಮನ್’ ಬಂದಿದೆ. ಅವನು ಗ್ರೀಸ್‌ನ ಬಂದರೂರಲ್ಲಿ ಹೊಟ್ಟೆ ಹೊರೆಯುವ ಒಬ್ಬ ಇಂಗ್ಲಿಷಿನವ, ಅಷ್ಟೆ. ಈಜಿಪ್ಟಿನ ತಾಯಿಯ ಜೊತೆಗೆ ಅವನ ಪೌರತ್ವದ ಗೋಜಲೂ ಹೋಯಿತು. ಕಾದಂಬರಿಯ ಸಿಂಪ್ಸನ್ ಜೀವನಪೂರ್ತಿ ಬೇಡಿದ ರಾಷ್ಟ್ರೀಯತೆಯನ್ನು ಸಿನಿಮಾ ಅವನಿಗೆ ಪುಕ್ಕಟೆಯಾಗಿ ಕೊಟ್ಟುಬಿಟ್ಟಿತು. ಹೀಗಾಗಿ ಸಿನಿಮಾದ ಮೂಲಕ ಸಿಂಪ್ಸನ್ನನನ್ನು ಬಲ್ಲವರಿಗೆ ‘ಡರ್ಟಿ ಸ್ಟೋರಿ’ಯ ಮೊದಲ ಪುಟಗಳೇ ವಿಚಿತ್ರವಾಗಿ ಕಾಣುತ್ತವೆ.

ಆ ಪುಟಗಳಲ್ಲಿ ಅವನು ಅಥೆನ್ಸ್‌ನ ಬ್ರಿಟಿಷ್ ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ಕೇಳುತ್ತಾ ನಿಂತಿದ್ದಾನೆ. ಉಪ ಕಾನ್ಸುಲ್‌ನ ಕೈಯಲ್ಲಿ ಅವನ ಕಡತವಿದೆ. ಸಿಂಪ್ಸನ್ ತನ್ನ ಬಗ್ಗೆ ಹೇಳಿಕೊಳ್ಳುವುದು ಒಂದು ಬದುಕು, ಕಡತದೊಳಗಿರುವುದು ಇನ್ನೊಂದು. ನಾಯಕನೇ ಕಥೆ ಹೇಳುವಾಗ ಅವನ ಮಾತನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ಯಾವಾಗಲೂ ಇರುತ್ತದೆ. ಇಲ್ಲಿ ಆ ಪ್ರಶ್ನೆಗೆ ಒಂದು ಸರ್ಕಾರಿ ಕಚೇರಿಯ ರೂಪವೇ ಸಿಕ್ಕಿದೆ. ಕಡತದಲ್ಲಿರುವುದು ಬಹುಪಾಲು ನಿಜ ಎಂದು ನಮಗೆ ಗೊತ್ತಾಗುತ್ತದೆ, ಏಕೆಂದರೆ ಸಿಂಪ್ಸನ್ ಅಲ್ಲಗಳೆಯುವ ರೀತಿಯೇ ಒಪ್ಪಿಗೆಯಂತಿದೆ. ಆದರೂ ಓದುಗರ ಮನಸ್ಸು ಕಡತದ ಕಡೆ ವಾಲುವುದಿಲ್ಲ. ಒಬ್ಬನ ಮೇಲೆ ಎಷ್ಟೇ ನಿಜವಾದ ಆರೋಪಗಳಿದ್ದರೂ ಅವನು ಯಾವ ದೇಶದವನೂ ಅಲ್ಲ ಎಂದು ಅವು ಹೇಗೆ ಹೇಳಬಲ್ಲವು? ಇಂಗ್ಲೆಂಡಿನಲ್ಲಿ ಹುಟ್ಟಿದ ಕಳ್ಳ ಜೈಲಿಗೆ ಹೋಗುತ್ತಾನೆ, ಇಂಗ್ಲಿಷಿನವನಾಗಿಯೇ ಹೋಗುತ್ತಾನೆ.

ಕಾನೂನಿನ ಲೆಕ್ಕದಲ್ಲಿ ಸಿಂಪ್ಸನ್ ನಿಜವಾಗಿ ರಾಷ್ಟ್ರರಹಿತನೇ? 28 ಸೆಪ್ಟೆಂಬರ್ 1954ರಂದು ನ್ಯೂಯಾರ್ಕ್‌ನಲ್ಲಿ ಅಂಗೀಕಾರವಾಗಿ 1960ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಒಡಂಬಡಿಕೆಯ ಮೊದಲ ವಿಧಿ ಹೇಳುವುದಿಷ್ಟು: ಯಾವುದೇ ದೇಶವು ತನ್ನ ಕಾನೂನಿನ ಪ್ರಕಾರ ಯಾರನ್ನು ತನ್ನ ಪೌರನೆಂದು ಪರಿಗಣಿಸುವುದಿಲ್ಲವೋ ಅವನು ರಾಷ್ಟ್ರರಹಿತ. ಸಿಂಪ್ಸನ್ನನ ಬಳಿ ಒಂದು ಕಾಲದಲ್ಲಿ ಈಜಿಪ್ಟಿನ ಪಾಸ್‌ಪೋರ್ಟ್ ಇತ್ತು. ಈಜಿಪ್ಟ್ ಈಗ ಅದನ್ನು ನವೀಕರಿಸುವುದಿಲ್ಲ, ಬ್ರಿಟನ್ ತನ್ನವನೆಂದು ಒಪ್ಪುವುದಿಲ್ಲ. ಒಡಂಬಡಿಕೆಯ ಅಕ್ಷರಕ್ಕೆ ಅವನು ಪೂರ್ತಿ ಹೊಂದುತ್ತಾನೋ ಇಲ್ಲವೋ ಎಂದು ವಕೀಲರು ವಾದಿಸಬಹುದು. ಬದುಕಿನಲ್ಲಿ ಅದರಿಂದ ವ್ಯತ್ಯಾಸವಿಲ್ಲ. ಅವನ ಹಿನ್ನೆಲೆಯ ಈಜಿಪ್ಟನ್ನೂ ನೆನಪಿಡಬೇಕು. 1956ರ ಸೂಯೆಜ್ ಯುದ್ಧದ ನಂತರ ಅಲ್ಲಿಂದ ಬ್ರಿಟಿಷ್ ಮತ್ತು ಫ್ರೆಂಚ್ ಪ್ರಜೆಗಳನ್ನೂ ಸಾವಿರಾರು ಯಹೂದಿಗಳನ್ನೂ ಹೊರಹಾಕಲಾಯಿತು. ಎಷ್ಟೋ ಮಂದಿ ಯಾವ ದೇಶದ ಕಾಗದವೂ ಇಲ್ಲದೆ ಹಡಗು ಹತ್ತಿದರು. ಕೈರೋ, ಅಲೆಕ್ಸಾಂಡ್ರಿಯಾಗಳ ಬೆರಕೆ ಸಮಾಜ ಒಂದೆರಡು ವರ್ಷಗಳಲ್ಲಿ ಚದುರಿಹೋಯಿತು. ಸಿಂಪ್ಸನ್ ಆ ಸಮಾಜದ ಕೂಸು.

ಅವನು ಮಾತುಮಾತಿಗೆ ತಂದೆಯನ್ನು ನೆನೆಯುತ್ತಾನೆ, ತಂದೆಯ ಬ್ಯಾರಕ್ಕಿನ ಗಾದೆಗಳನ್ನು ಒಪ್ಪಿಸುತ್ತಾನೆ. ಇದು ಬರಿಯ ತಮಾಷೆಯಲ್ಲ. ಅಂದಿನ ಬ್ರಿಟಿಷ್ ಕಾನೂನಿನಲ್ಲಿ ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆಯಿಂದ ಪೌರತ್ವ ಬರಬೇಕಾದರೆ ತಂದೆತಾಯಿ ಮದುವೆಯಾಗಿರಬೇಕಿತ್ತು. ತಂದೆಯ ಹೆಸರೇ ಅಲ್ಲಿ ದಾಖಲೆ. ನಮ್ಮ ಬೆಂಗಳೂರು ದಂಡಿನ, ಕೋಲಾರ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಕುಟುಂಬಗಳಿಗೆ ಈ ಬಗೆಯ ಲೆಕ್ಕಾಚಾರ ಹೊಸದಲ್ಲ. ಭಾರತದ ಸಂವಿಧಾನದ 366ನೇ ವಿಧಿಯೂ ಅವರನ್ನು ಗುರುತಿಸುವುದು ತಂದೆಯ ಕಡೆಯ ಯುರೋಪಿಯನ್ ಮೂಲದಿಂದಲೇ. ವ್ಯತ್ಯಾಸವೆಂದರೆ 1947ರ ನಂತರ ಆ ಕುಟುಂಬಗಳಿಗೆ ಭಾರತ ತನ್ನ ಪೌರತ್ವ ಕೊಟ್ಟಿತು. ಸಿಂಪ್ಸನ್ನನಿಗೆ ಎರಡೂ ಕಡೆಯ ಬಾಗಿಲು ಮುಚ್ಚಿದೆ.

ಕಳ್ಳದಾರಿಯಲ್ಲಿ ಪಾಸ್‌ಪೋರ್ಟ್ ಕೊಳ್ಳಲು ಹಣ ಬೇಕು. ಹಣಕ್ಕಾಗಿ ಅವನು ಗ್ರೀಸ್‌ನಲ್ಲಿ ಅಶ್ಲೀಲ ಸಿನಿಮಾ ತೆಗೆಯುವವರ ಗುಂಪು ಸೇರುತ್ತಾನೆ. ಅದು ಕೆಟ್ಟು, ಗೂತಾರ್ ಎಂಬ ಫ್ರೆಂಚ್ ಮಾಜಿ ಸೈನಿಕನ ಜೊತೆ ಹಡಗು ಹತ್ತಿ ಜಿಬೂಟಿ ತಲುಪುತ್ತಾನೆ. ಅಲ್ಲಿ ಮಧ್ಯ ಆಫ್ರಿಕಾದ ಒಂದು ಗಣಿ ಕಂಪನಿ ಬಾಡಿಗೆ ಸೈನಿಕರನ್ನು ಸೇರಿಸಿಕೊಳ್ಳುತ್ತಿದೆ. ಐವತ್ತು ದಾಟಿದ, ಹೊಟ್ಟೆ ಬಂದ, ಹೆದರಿಕೆಯೇ ಮೈವೆತ್ತಂತಿರುವ ಸಿಂಪ್ಸನ್ ಹೀಗೆ ಯುದ್ಧಕ್ಕೆ ಹೊರಡುತ್ತಾನೆ. ಮಹಿಂದಿ, ಉಗಾಜಿ ಎಂಬ ಎರಡು ಕಾಲ್ಪನಿಕ ಗಣರಾಜ್ಯಗಳು. ಅವುಗಳ ನಡುವಿನ ಗಡಿಯ ನೆಲದಲ್ಲಿ ಬೆಲೆಬಾಳುವ ಖನಿಜ. ಒಂದೊಂದು ಗಣರಾಜ್ಯದ ಹಿಂದೆ ಒಂದೊಂದು ಕಂಪನಿ. ಎರಡೂ ಕಡೆ ಬಾಡಿಗೆಯ ಬಿಳಿಯರು. ಕಥೆಯ ಈ ಭಾಗವನ್ನು ನಾನು ಬೇಗ ದಾಟುತ್ತೇನೆ. ಕಾಳಗದ ವರ್ಣನೆಯಲ್ಲಿ ಆಂಬ್ಲರ್‌ಗೆ ಹೆಚ್ಚು ಆಸಕ್ತಿಯಿಲ್ಲ, ಆ ಪುಟಗಳು ಅವನ ಅತ್ಯುತ್ತಮ ಬರಹವೂ ಅಲ್ಲ.

ಒಂದು ಭೇದವನ್ನು ಮಾತ್ರ ಇಲ್ಲಿ ಸ್ಪಷ್ಟಪಡಿಸಬೇಕು. ಪಾಸ್‌ಪೋರ್ಟ್ ಇದ್ದಿದ್ದರೂ ಸಿಂಪ್ಸನ್ ಮೋಸಗಾರನಾಗಿಯೇ ಇರುತ್ತಿದ್ದ. ಅವನ ಗುಣಕ್ಕೆ ಕಾಗದದ ಕೊರತೆಯನ್ನು ಹೊಣೆ ಮಾಡಲು ಆಂಬ್ಲರ್ ಎಲ್ಲಿಯೂ ಒಪ್ಪುವುದಿಲ್ಲ; ಅದೇ ಈ ಬರಹದ ಪ್ರಾಮಾಣಿಕತೆ. ಆದರೆ ಪಾಸ್‌ಪೋರ್ಟ್ ಇದ್ದಿದ್ದರೆ ಅವನು ಸೈನಿಕನಾಗುತ್ತಿರಲಿಲ್ಲ. ಅಥೆನ್ಸ್‌ನಲ್ಲೇ ಪ್ರವಾಸಿಗರ ಜೇಬು ಹಗುರ ಮಾಡುತ್ತಾ ಮುದುಕನಾಗುತ್ತಿದ್ದ. ನಿಂತ ಊರಿನಲ್ಲಿ ಉಳಿಯಲಾಗದೆ, ಬೇರೆ ಊರಿಗೆ ಕಾನೂನುಬದ್ಧವಾಗಿ ಹೋಗಲೂ ಆಗದೆ ಇರುವವನಿಗೆ, ‘ನೀನು ಯಾವ ದೇಶದವನು’ ಎಂದು ಕೇಳದೆ ಕೆಲಸ ಕೊಡುವವರು ಬಹಳ ಕಡಿಮೆ. ಬಾಡಿಗೆ ಯುದ್ಧ ಅಂಥ ಒಂದು ಕೆಲಸ.

ಮಹಿಂದಿ ಕಾಲ್ಪನಿಕವಾದರೂ 1967ರ ಓದುಗ ಅದರ ಹಿಂದೆ ಕಟಾಂಗಾವನ್ನು ಕಾಣದೆ ಇರುತ್ತಿರಲಿಲ್ಲ. ಕಾಂಗೋ ಸ್ವತಂತ್ರವಾದ ಕೆಲವೇ ದಿನಗಳಲ್ಲಿ, 11 ಜುಲೈ 1960ರಂದು, ಮೊಯಿಸ್ ಚೋಂಬೆ ಕಟಾಂಗಾ ಪ್ರಾಂತ್ಯವನ್ನು ಬೇರೆ ದೇಶವೆಂದು ಘೋಷಿಸಿದ. ತಾಮ್ರ, ಕೋಬಾಲ್ಟ್, ಯುರೇನಿಯಂ ತುಂಬಿದ ನೆಲವದು. ಬೆಲ್ಜಿಯನ್ ಗಣಿ ಕಂಪನಿ ಯೂನಿಯನ್ ಮಿನಿಯೇರ್ ಕಟ್ಟುತ್ತಿದ್ದ ತೆರಿಗೆಯೇ ಆ ಹೊಸ ‘ದೇಶ’ದ ಬೊಕ್ಕಸ. ಜಗತ್ತಿನ ಯಾವ ರಾಷ್ಟ್ರವೂ ಕಟಾಂಗಾವನ್ನು ಮಾನ್ಯ ಮಾಡಲಿಲ್ಲ. ಅದರ ಸೈನ್ಯದಲ್ಲಿ ಬೆಲ್ಜಿಯಂ, ಫ್ರಾನ್ಸ್, ದಕ್ಷಿಣ ಆಫ್ರಿಕಾ, ಬ್ರಿಟನ್‌ಗಳಿಂದ ಬಂದ ಬಾಡಿಗೆ ಸೈನಿಕರಿದ್ದರು. ಅವರನ್ನು ಹೊರಗಟ್ಟಬೇಕೆಂದು ಭದ್ರತಾ ಮಂಡಳಿ 21 ಫೆಬ್ರವರಿ 1961ರಂದು ನಿರ್ಣಯಿಸಿತು. ಆ ಕೆಲಸಕ್ಕೆ ಹೋದ ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಒಂದು ಬ್ರಿಗೇಡ್ ಇತ್ತು. 5 ಡಿಸೆಂಬರ್ 1961ರಂದು ಎಲಿಜಬೆತ್‌ವಿಲ್‌ನಲ್ಲಿ ರಸ್ತೆತಡೆ ತೆರವು ಮಾಡಲು ನುಗ್ಗಿ ಮಡಿದ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಹಾಗಾಗಿ ‘ಡರ್ಟಿ ಸ್ಟೋರಿ’ಯ ಹಿಂದಿರುವ ಯುದ್ಧ ನಮಗೆ ಅಷ್ಟೇನೂ ದೂರದ್ದಲ್ಲ.

ಆ ಕಾಲದ ಅತಿ ಪ್ರಸಿದ್ಧ ಬಾಡಿಗೆ ಸೇನಾನಿ ಮೈಕ್ ಹೋರ್ ಹುಟ್ಟಿದ್ದೂ ಕಲ್ಕತ್ತೆಯಲ್ಲಿ, 1919ರಲ್ಲಿ. ಅವನೇ ಮುಂದೆ 1981ರಲ್ಲಿ ಸೇಷೆಲ್ಸ್‌ನಲ್ಲಿ ಕ್ಷಿಪ್ರಕ್ರಾಂತಿಗೆ ಯತ್ನಿಸಿ ಸೋತ. ಅವನ ತಂಡ ಏರ್ ಇಂಡಿಯಾ ವಿಮಾನವೊಂದನ್ನು ಅಪಹರಿಸಿ ಡರ್ಬನ್‌ಗೆ ಪರಾರಿಯಾಯಿತು. ಹೋರ್‌ನಂಥವರಿಗೂ ಸಿಂಪ್ಸನ್ನನಿಗೂ ಇರುವ ಅಂತರ ಶೌರ್ಯದ್ದಷ್ಟೇ ಅಲ್ಲ. ಹೋರ್‌ಗೆ ಹಿಂದಿರುಗಲು ದೇಶವಿತ್ತು. ಬಾಡಿಗೆ ಸೈನಿಕರಲ್ಲಿ ಬಹುಪಾಲು ಮಂದಿ ದೇಶವುಳ್ಳವರು. ತಮ್ಮ ದೇಶದ ಧ್ವಜವನ್ನು ಕೆಲಕಾಲ ಮಡಿಚಿಟ್ಟು ಹೊರಟವರು.

ಸಾಹಿತ್ಯದಲ್ಲೂ ಹಾಗೆಯೇ. ಫ್ರೆಡೆರಿಕ್ ಫೋರ್ಸೈತ್‌ನ ‘ದ ಡಾಗ್ಸ್ ಆಫ್ ವಾರ್’ ಬಂದದ್ದು 1974ರಲ್ಲಿ. ಗಣಿ ಕಂಪನಿ, ಆಫ್ರಿಕಾದ ಕಾಲ್ಪನಿಕ ಗಣರಾಜ್ಯ, ಬಾಡಿಗೆ ಸೈನಿಕರು, ಎಲ್ಲವೂ ಅಲ್ಲಿವೆ; ಆಂಬ್ಲರ್ ಆ ಸಾಮಗ್ರಿಯನ್ನು ಏಳು ವರ್ಷ ಮೊದಲೇ ಬಳಸಿದ್ದ. ಫೋರ್ಸೈತ್‌ನ ನಾಯಕ ಕಸುಬು ಬಲ್ಲವನು, ಅವನ ಅಚ್ಚುಕಟ್ಟುತನ ನೋಡಿ ಓದುಗ ಮೆಚ್ಚುತ್ತಾನೆ. ಆ ಮೆಚ್ಚುಗೆಯಲ್ಲೇ ಕಂಪನಿಯ ಅಪರಾಧ ಅರ್ಧ ಮರೆತುಹೋಗುತ್ತದೆ. ಸಿಂಪ್ಸನ್ನನನ್ನು ಮೆಚ್ಚುವಂತಿಲ್ಲವಾದ್ದರಿಂದ ನಮ್ಮ ಕಣ್ಣು ಕಂಪನಿಯ ಮೇಲೆಯೇ ನಿಲ್ಲುತ್ತದೆ. ನನ್ನ ಮಟ್ಟಿಗೆ ಆಂಬ್ಲರ್‌ನ ದಾರಿಯೇ ಹೆಚ್ಚು ಸತ್ಯವಾದದ್ದು. ಇನ್ನೂ ಹತ್ತಿರದ ಸಂಬಂಧಿ ಗ್ರಹಾಂ ಗ್ರೀನ್‌ನ 1966ರ ‘ದ ಕಮೆಡಿಯನ್ಸ್’ ಕಾದಂಬರಿಯ ಜೋನ್ಸ್. ಇಲ್ಲದ ಸೈನ್ಯದ ಅನುಭವ ಕೊಚ್ಚಿಕೊಂಡು, ಕೊನೆಗೆ ಹೈಟಿಯಲ್ಲಿ ನಿಜವಾದ ಬಂಡುಕೋರರ ಮುಂದೆ ನಿಲ್ಲಬೇಕಾದ ಮನುಷ್ಯ ಅವನು. ಗ್ರೀನ್ ಅವನಿಗೆ ಒಂದು ಗೌರವದ ಸಾವು ಕೊಡುತ್ತಾನೆ. ಆಂಬ್ಲರ್ ಸಿಂಪ್ಸನ್ನನನ್ನು ಬದುಕಿಸುತ್ತಾನೆ. ಈ ಎರಡನೆಯದು ಕಷ್ಟದ ಆಯ್ಕೆ, ಏಕೆಂದರೆ ಬದುಕಿದವನಿಗೆ ಮತ್ತೆ ಕಾಗದ ಬೇಕು.

ಕಾನೂನಿಗೆ ಬರೋಣ. ಬಾಡಿಗೆ ಸೈನಿಕ ಎಂದರೆ ಯಾರು ಎಂಬ ವ್ಯಾಖ್ಯೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಖಚಿತವಾಗಿ ಬಂದದ್ದು ಕಾದಂಬರಿಯ ಹತ್ತು ವರ್ಷಗಳ ನಂತರ, ಜಿನೀವಾ ಒಡಂಬಡಿಕೆಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪೂರಕ ಪ್ರೋಟೋಕಾಲ್‌ನ 47ನೇ ವಿಧಿಯಲ್ಲಿ. ಅದರ ಹಿಂದಿನ ವರ್ಷವಷ್ಟೇ ಲುವಾಂಡಾದಲ್ಲಿ 13 ಬಾಡಿಗೆ ಸೈನಿಕರ ವಿಚಾರಣೆ ನಡೆದು ನಾಲ್ವರಿಗೆ ಮರಣದಂಡನೆಯಾಗಿತ್ತು. 47ನೇ ವಿಧಿ ಆರು ಲಕ್ಷಣಗಳನ್ನು ಹೇಳುತ್ತದೆ, ಆರೂ ಒಟ್ಟಿಗೆ ಇರಬೇಕು. ಹೋರಾಡಲೆಂದೇ ನೇಮಕಗೊಂಡಿರಬೇಕು, ನೇರವಾಗಿ ಹೋರಾಡಬೇಕು, ಸ್ವಂತ ಲಾಭವೇ ಮುಖ್ಯ ಉದ್ದೇಶವಾಗಿರಬೇಕು. ಉಳಿದ ಮೂರೂ ನಿಷೇಧಗಳು: ಹೋರಾಡುವ ಯಾವ ಪಕ್ಷದ ಪೌರನೂ ನಿವಾಸಿಯೂ ಆಗಿರಬಾರದು, ಅದರ ಸೈನ್ಯದ ಸದಸ್ಯನಾಗಿರಬಾರದು, ಬೇರೊಂದು ದೇಶ ಅಧಿಕೃತವಾಗಿ ಕಳಿಸಿದವನೂ ಆಗಿರಬಾರದು. ಅಂದರೆ ವ್ಯಾಖ್ಯೆಯ ಅರ್ಧ ಭಾಗ ‘ಯಾರವನೂ ಅಲ್ಲ’ ಎಂಬುದರಿಂದಲೇ ಆಗಿದೆ. ಪೌರತ್ವವಿಲ್ಲದವನು ಯಾವ ಯುದ್ಧಕ್ಕೆ ಹೋದರೂ ಆ ಪೌರತ್ವದ ಷರತ್ತನ್ನು ಮೊದಲೇ ಪೂರೈಸಿರುತ್ತಾನೆ. ಬಾಡಿಗೆ ಸೈನಿಕನೆಂದು ಸಾಬೀತಾದರೆ ಯುದ್ಧಕೈದಿಯ ಹಕ್ಕೂ ಅವನಿಗಿಲ್ಲ. ದೇಶವಿದ್ದವನಿಗಾದರೆ ಅವನ ದೇಶ ರಾಯಭಾರಿಯನ್ನು ಕಳಿಸೀತು. ಸಿಂಪ್ಸನ್ನನಿಗಾಗಿ ಯಾರು ಬರುತ್ತಾರೆ?

ಕಾದಂಬರಿ ಬರುವ ಹೊತ್ತಿಗಾಗಲೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಇದೇ ಪ್ರಶ್ನೆಯ ಸುತ್ತ ಎರಡು ಮಾತುಗಳನ್ನಾಡಿತ್ತು. ಅವನ್ನು ‘ಡರ್ಟಿ ಸ್ಟೋರಿ’ಯ ಪಕ್ಕದಲ್ಲಿಟ್ಟು ಓದಬೇಕು ಎಂಬುದೇ ಈ ಟಿಪ್ಪಣಿಯ ಮುಖ್ಯ ಸೂಚನೆ. ಮೊದಲನೆಯದು 6 ಏಪ್ರಿಲ್ 1955ರ ನೋಟೆಬೋಮ್ ತೀರ್ಪು. ಜರ್ಮನಿಯಲ್ಲಿ ಹುಟ್ಟಿ 1905ರಿಂದ ಗ್ವಾಟೆಮಾಲಾದಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಫ್ರೆಡ್ರಿಕ್ ನೋಟೆಬೋಮ್, ಯುದ್ಧ ಶುರುವಾದ ಕೂಡಲೇ 1939ರಲ್ಲಿ ಹಣ ಕಟ್ಟಿ ಲಿಕ್ಟೆನ್‌ಸ್ಟೈನ್‌ನ ಪೌರತ್ವ ಪಡೆದ. ಗ್ವಾಟೆಮಾಲಾ ಅವನ ಆಸ್ತಿ ಮುಟ್ಟುಗೋಲು ಹಾಕಿಕೊಂಡಾಗ ಲಿಕ್ಟೆನ್‌ಸ್ಟೈನ್ ಅವನ ಪರವಾಗಿ ದಾವೆ ಹೂಡಿತು. ಮನುಷ್ಯನಿಗೂ ದೇಶಕ್ಕೂ ನಡುವೆ ನಿಜವಾದ ಬಾಳಿನ ಸಂಬಂಧವಿರಬೇಕು, ಬರೀ ಕಾಗದದ ಮೇಲಿನ ಪೌರತ್ವವನ್ನು ಗ್ವಾಟೆಮಾಲಾ ಒಪ್ಪಬೇಕಿಲ್ಲ ಎಂದು ನ್ಯಾಯಾಲಯ ಹೇಳಿತು.

ಎರಡನೆಯದು 8 ಜೂನ್ 1960ರ ಸಲಹಾ ಅಭಿಪ್ರಾಯ. ವಿಶ್ವಸಂಸ್ಥೆಯ ಸಾಗರಯಾನ ಸಂಸ್ಥೆಯ ಸುರಕ್ಷತಾ ಸಮಿತಿಯಲ್ಲಿ ಆಗ ಅತಿ ಹೆಚ್ಚು ಹಡಗುಗಳುಳ್ಳ ಎಂಟು ದೇಶಗಳಿಗೆ ಸ್ಥಾನ ಮೀಸಲಿತ್ತು. ಲೈಬೀರಿಯಾ, ಪನಾಮಾಗಳ ಹೆಸರಿನಲ್ಲಿ ಲಕ್ಷಾಂತರ ಟನ್ ಹಡಗುಗಳು ದಾಖಲಾಗಿದ್ದವು, ಆದರೆ ಒಡೆಯರು ಬೇರೆ ದೇಶದವರು. ಆದ್ದರಿಂದ ಅವೆರಡನ್ನೂ ಸಮಿತಿಗೆ ಆರಿಸಲಿಲ್ಲ. ಅದು ತಪ್ಪು, ದಾಖಲೆಯಲ್ಲಿರುವ ಟನ್ನು ನೋಡಿದರೆ ಸಾಕು ಎಂದಿತು ನ್ಯಾಯಾಲಯ. ಹಡಗಿಗೂ ಧ್ವಜದ ದೇಶಕ್ಕೂ ನಿಜವಾದ ಸಂಬಂಧವಿರಬೇಕೆಂಬ ವಾದವನ್ನು ಪರಿಶೀಲಿಸುವ ಅಗತ್ಯವೇ ಇಲ್ಲವೆಂದೂ ಹೇಳಿತು. ಕಾದಂಬರಿ ಬಂದ ಮೇಲೆ, 1970ರಲ್ಲಿ, ಬಾರ್ಸಿಲೋನಾ ಟ್ರ್ಯಾಕ್ಷನ್ ತೀರ್ಪಿನಲ್ಲಿ ಕಂಪನಿಗಳ ಸರದಿ. ಸ್ಪೇನ್‌ನಲ್ಲಿ ಕೆಲಸ ಮಾಡುತ್ತಿದ್ದ, ಬಹುಪಾಲು ಷೇರುಗಳು ಬೆಲ್ಜಿಯನ್ನರ ಕೈಯಲ್ಲಿದ್ದವೆಂದು ಬೆಲ್ಜಿಯಂ ವಾದಿಸಿದ ಕಂಪನಿ, ಟೊರಾಂಟೊದಲ್ಲಿ ನೋಂದಣಿಯಾದ ಕಾರಣ ಕೆನಡಾದ್ದೇ ಎಂದು ತೀರ್ಮಾನವಾಯಿತು. ನೋಟೆಬೋಮ್ ಪ್ರಕರಣಕ್ಕೂ ಇದಕ್ಕೂ ಹೋಲಿಕೆಯಿಲ್ಲ ಎಂದು ನ್ಯಾಯಾಲಯವೇ ಸ್ಪಷ್ಟಪಡಿಸಿತು.

ಪ್ರತಿ ತೀರ್ಪಿಗೂ ಅದರದೇ ಕಾರಣಗಳಿವೆ, ಅವು ಅಸಂಗತವಲ್ಲ. ಆದರೆ ಮೂರನ್ನೂ ಜೊತೆಗಿಟ್ಟರೆ ಸಿಂಪ್ಸನ್ ನಿಂತಿರುವ ನೆಲ ಕಾಣುತ್ತದೆ. ಅವನನ್ನು ಆಫ್ರಿಕಾಕ್ಕೆ ಕರೆತರುವ ಕಂಪನಿಗೆ ನೋಂದಣಿ ಸಾಕು, ಅದರ ಅದಿರನ್ನು ಒಯ್ಯುವ ಹಡಗಿಗೆ ಲೈಬೀರಿಯಾದ ಧ್ವಜ ಸಾಕು. ಮನುಷ್ಯನೊಬ್ಬನಿಗೆ ಮಾತ್ರ ಹುಟ್ಟು, ತಂದೆ, ನಡತೆ, ವಾಸ ಎಲ್ಲದರ ಪುರಾವೆ ಬೇಕು.

ಈ ಚಿಂತೆ ಆಂಬ್ಲರ್‌ಗೆ 1967ರಲ್ಲಿ ಹೊಸದಾಗಿ ಹೊಳೆದದ್ದಲ್ಲ. 1938ರ ‘ಎಪಿಟಾಫ್ ಫಾರ್ ಎ ಸ್ಪೈ’ ಕಾದಂಬರಿಯ ಯೋಸೆಫ್ ವಾದಾಸಿ ಹುಟ್ಟಿದ ಊರು ಟ್ರಿಯಾನಾನ್ ಒಪ್ಪಂದದಿಂದ ಹಂಗೇರಿಯಿಂದ ಯುಗೊಸ್ಲಾವಿಯಾಕ್ಕೆ ಹೋಗಿ, ಅವನು ಎರಡೂ ಕಡೆ ಸಲ್ಲದವನಾಗಿದ್ದ. ಫ್ರಾನ್ಸ್‌ನ ಪೊಲೀಸರು ಅವನನ್ನು ಬೆದರಿಸಿ ಬೇಹುಗಾರನ ಬೆನ್ನಟ್ಟಿಸುತ್ತಾರೆ. ವಾದಾಸಿ ಸಜ್ಜನ, ಭಾಷೆ ಕಲಿಸುವ ಮೇಷ್ಟ್ರು, ಅವನಿಗಾಗಿ ಮರುಗುವುದು ಸುಲಭ. ಮೂರು ದಶಕಗಳ ನಂತರ ಅದೇ ಸ್ಥಿತಿಯನ್ನು ಮರುಕಕ್ಕೆ ಅರ್ಹನಲ್ಲದವನ ಮೇಲೆ ಹೊರಿಸಿದ್ದೇ ಆಂಬ್ಲರ್‌ನ ಬೆಳವಣಿಗೆ. ಒಳ್ಳೆಯವರಿಗೆ ಮಾತ್ರ ದೇಶ ಸಿಗಬೇಕೇ ಎಂದು ವಾದಾಸಿಯ ಮೂಲಕ ಕೇಳಲಾಗುವುದಿಲ್ಲ. ಸಿಂಪ್ಸನ್ನನ ಮೂಲಕ ಕೇಳಬಹುದು.

‘ಡರ್ಟಿ ಸ್ಟೋರಿ’ಯ ಕೊನೆಯಲ್ಲಿ ಸಿಂಪ್ಸನ್ನನ ಕೈಗೆ ಬರುವುದು ಚಿನ್ನವೂ ಅಲ್ಲ, ಖನಿಜವೂ ಅಲ್ಲ, ಬರೆಯದ ಖಾಲಿ ಪಾಸ್‌ಪೋರ್ಟುಗಳು. ಅವು ಕದ್ದವು, ಮಾರಾಟಕ್ಕಿರುವವು, ಅವನ ಹಳೆಯ ಕಸುಬಿಗೆ ತಕ್ಕಂಥವು. ಬೇಕಾದವರಿಗೆ ಬೇಕಾದ ಹೆಸರು ಬರೆದು ಕೊಡಬಲ್ಲವನು ಈಗ ಅವನೇ. ಧ್ವಜ ಮಾರುವ ದೇಶಗಳು ಹಡಗಿಗೆ ಮಾಡುವುದನ್ನು ಅವನು ಮನುಷ್ಯರಿಗೆ ಮಾಡಹೊರಟಿದ್ದಾನೆ. ಉಪ ಕಾನ್ಸುಲ್‌ನ ಮೇಜಿನ ಈಚೆ ಬದಿಯಲ್ಲಿ ಅರ್ಜಿ ಹಿಡಿದು ನಿಂತವನು ಆಚೆ ಬದಿಗೆ ಹೋಗಿ ಕುಳಿತ ಈ ತಿರುವನ್ನು ಬರಿಯ ಹಾಸ್ಯದ ಮುಕ್ತಾಯವೆಂದು ಓದುವುದು ರೂಢಿ. ನೋಟೆಬೋಮ್ ತೀರ್ಪಿನ ಜೊತೆ ಓದಿದರೆ ಅದು ಬೇರೆಯಾಗಿ ಕಾಣುತ್ತದೆ. ಆ ಖಾಲಿ ಹಾಳೆಗಳಲ್ಲಿ ಬರೆಯುವ ಪೌರತ್ವಕ್ಕೂ 1939ರಲ್ಲಿ ಲಿಕ್ಟೆನ್‌ಸ್ಟೈನ್ ಹಣ ಪಡೆದು ಬರೆದುಕೊಟ್ಟ ಪೌರತ್ವಕ್ಕೂ ಇರುವ ವ್ಯತ್ಯಾಸ, ಮೊಹರು ಹಾಕುವವನಿಗೆ ಒಂದು ರಾಜ್ಯ ಇದೆಯೇ ಇಲ್ಲವೇ ಎಂಬುದೊಂದೇ.